ರೆಮಿಡಿಯಲ್ ತರಗತಿಯ ಗುಣಮಟ್ಟವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯ ಉಪನ್ಯಾಸಕಿ. ಮುಂದಿನ ವರ್ಷ ನಮ್ಮಲ್ಲಿಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರಲಿದೆ. ಪ್ರಾಂಶುಪಾಲರು ‘ಕಲಿಕಾ ಬೆಂಬಲ ಕೇಂದ್ರ’ ತೆರೆದು ಅದರ ಹೊಣೆಯನ್ನು ನನಗೆ ವಹಿಸಿದ್ದಾರೆ. ಈವರೆಗೆ ನಡೆದಿರುವುದು ಸಂಜೆ ನಾಲ್ಕೂವರೆಗೆ ಕಲಿಕೆಯಲ್ಲಿ ಹಿಂದೆ ಬಿದ್ದವರಿಗೆ ನಡೆಸುವ ರೆಮಿಡಿಯಲ್ ತರಗತಿ ಮಾತ್ರ. ಅದಕ್ಕೂ ಬರುವವರು ಬೆರಳೆಣಿಕೆಯಷ್ಟು. ಇಂಥ ಕೇಂದ್ರಗಳಿಗೆ ಒಪ್ಪಿತ ಮಾನದಂಡಗಳು ಇವೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನ್ಯಾಕ್ ವಿಷಯ. ಬೆಂಗಳೂರಿನಲ್ಲೇ ಪ್ರಧಾನ ಕಚೇರಿಯಿರುವ, 1994ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಕಾಲೇಜುಗಳನ್ನು ಅಳೆಯಲು ಏಳು ಮಾನದಂಡಗಳನ್ನು ಇಟ್ಟುಕೊಂಡು ಬಂದಿದೆ. ಎರಡನೆಯದಾದ ‘ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನ’ ಹಾಗೂ ಐದನೆಯದಾದ ‘ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ’ ನಿಮ್ಮ ಕೇಂದ್ರಕ್ಕೆ ನೇರವಾಗಿ ಸಂಬಂಧಿಸಿದವು. ವಿದ್ಯಾರ್ಥಿಗಳ ಕಲಿಕೆಯ ಮಟ್ಟವನ್ನು ಗುರುತಿಸಿದ್ದೀರಾ, ಹಿಂದೆ ಬಿದ್ದವರಿಗೆ ಏನು ಮಾಡಿದ್ದೀರಿ ಎಂಬುದನ್ನು ಅಲ್ಲಿ ಕೇಳುತ್ತಾರೆ. ಆದರೆ ಕೇಂದ್ರವನ್ನು ದಿನದಿನ ಹೇಗೆ ನಡೆಸಬೇಕು, ಪಾಠ ಹೇಳಿಕೊಡುವವರಿಗೆ ಎಷ್ಟು ತರಬೇತಿ ಬೇಕು ಎಂಬ ವಿವರ ಅಲ್ಲಿ ಸಿಗುವುದಿಲ್ಲ.

ಆ ವಿವರಕ್ಕೆ ಅಮೆರಿಕದ ಕಡೆ ನೋಡಬೇಕು. ಅಲ್ಲಿನ ಕಾಲೇಜುಗಳಲ್ಲಿ ಕಲಿಕಾ ಕೇಂದ್ರ ಎಂಬುದು ಗ್ರಂಥಾಲಯದಷ್ಟೇ ಮಾಮೂಲಿ. 1979ರಲ್ಲಿ ಹಲವು ವೃತ್ತಿಪರ ಸಂಘಟನೆಗಳು ಸೇರಿ ಸಿಎಎಸ್ ಎಂಬ ಮಾನದಂಡ ಮಂಡಳಿಯನ್ನು ಕಟ್ಟಿಕೊಂಡವು. ಕಲಿಕಾ ನೆರವಿನ ಕೇಂದ್ರಗಳಿಗೆಂದೇ ಈ ಮಂಡಳಿಯ ಪ್ರತ್ಯೇಕ ಮಾನದಂಡಗಳಿವೆ. ಕೇಂದ್ರದ ಉದ್ದೇಶ, ಸಿಬ್ಬಂದಿ, ನೈತಿಕತೆ, ಎಲ್ಲರಿಗೂ ಪ್ರವೇಶ, ಸ್ಥಳಾವಕಾಶ, ಹಣಕಾಸು, ಫಲಿತಾಂಶದ ಅಳತೆ ಎಲ್ಲವೂ ಅದರಲ್ಲಿ ಬರುತ್ತವೆ. ಆ ಮಂಡಳಿ ಯಾರಿಗೂ ದರ್ಜೆ ಕೊಡುವುದಿಲ್ಲ. ಕಾಲೇಜಿನವರೇ ಒಂದು ತಂಡ ಮಾಡಿಕೊಂಡು, ಪ್ರತಿ ಅಂಶಕ್ಕೂ ಪುರಾವೆ ಮುಂದಿಟ್ಟುಕೊಂಡು ತಮ್ಮನ್ನು ತಾವೇ ಒರೆಗೆ ಹಚ್ಚಿಕೊಳ್ಳಬೇಕು. ನಮ್ಮಲ್ಲಿ ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಖಾತ್ರಿ ಘಟಕ, ಮಾಡಬೇಕಾದದ್ದು ಇದನ್ನೇ. ನ್ಯಾಕ್ ತಂಡ ಬರುವ ತಿಂಗಳ ಮುಂಚೆ ಕಡತ ಜೋಡಿಸುವುದಕ್ಕಷ್ಟೇ ಅದನ್ನು ಬಳಸಿಕೊಂಡರೆ ಕೇಂದ್ರಕ್ಕೂ ಪ್ರಯೋಜನವಿಲ್ಲ, ಮಕ್ಕಳಿಗೂ ಇಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ: ವಿದ್ಯಾರ್ಥಿಗಳು ಬರುತ್ತಿಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕೆ ಎರಡು ಕಾರಣಗಳಿವೆ. ಒಂದು ಸಮಯ. ಹಳ್ಳಿಯಿಂದ ಬಂದು ಹೋಗುವ ಹುಡುಗಿಯರಿಗೆ ನಾಲ್ಕೂವರೆ ಎಂದರೆ ಬಸ್ಸಿನ ಹೊತ್ತು. ಆ ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆ. ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಬಿಡುವಿನ ಅವಧಿಯೊಂದನ್ನು ಕೇಂದ್ರಕ್ಕೆಂದು ಮೀಸಲಿಡಲು ಪ್ರಾಂಶುಪಾಲರನ್ನು ಒಪ್ಪಿಸಿ. ಉಳಿದ ಯಾವ ಸುಧಾರಣೆಗಿಂತಲೂ ಇದೇ ಮೊದಲು ಆಗಬೇಕು.

ಎರಡನೆಯದು ಹಣೆಪಟ್ಟಿ. ಆಂತರಿಕ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರ ಹೆಸರನ್ನು ಫಲಕಕ್ಕೆ ಹಾಕಿ ‘ಇವರು ರೆಮಿಡಿಯಲ್‌ಗೆ ಬರತಕ್ಕದ್ದು’ ಎಂದರೆ ಹದಿನೆಂಟು ವರ್ಷದ ಯಾವ ಮಗು ತಲೆ ಎತ್ತಿಕೊಂಡು ಆ ಕೋಣೆಗೆ ಬಂದೀತು? ಇದಕ್ಕೆ ಒಳ್ಳೆಯ ದಾರಿಯನ್ನು 1973ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ತೋರಿಸಿಕೊಟ್ಟರು. ಅವರು ದುರ್ಬಲ ವಿದ್ಯಾರ್ಥಿಗಳನ್ನು ಹುಡುಕಲಿಲ್ಲ, ಕಷ್ಟದ ವಿಷಯಗಳನ್ನು ಹುಡುಕಿದರು. ಶೇ 30ರಷ್ಟು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕೆಳದರ್ಜೆ ಪಡೆಯುವ, ಅನುತ್ತೀರ್ಣರಾಗುವ ಅಥವಾ ಅರ್ಧಕ್ಕೇ ಬಿಡುವ ವಿಷಯವನ್ನು ಆರಿಸಿಕೊಂಡು, ಆ ತರಗತಿಯ ಎಲ್ಲರಿಗೂ ಬಾಗಿಲು ತೆರೆಯುವುದು ಅವರ ಕ್ರಮ. ಆ ವಿಷಯದಲ್ಲಿ ಹಿಂದೆ ಚೆನ್ನಾಗಿ ಅಂಕ ಗಳಿಸಿದ ಹಿರಿಯ ವಿದ್ಯಾರ್ಥಿ ಮತ್ತೆ ತರಗತಿಯಲ್ಲಿ ಕುಳಿತು ಪಾಠ ಕೇಳುತ್ತಾನೆ, ಟಿಪ್ಪಣಿ ಮಾಡಿಕೊಳ್ಳುತ್ತಾನೆ, ವಾರವಾರ ಸಾಮೂಹಿಕ ಅಭ್ಯಾಸ ನಡೆಸುತ್ತಾನೆ. ಮೊದಲ ರ‍್ಯಾಂಕಿನವರೂ ಬರುವ ಕೋಣೆಗೆ ಹೋಗಲು ಯಾರಿಗೂ ನಾಚಿಕೆಯಿಲ್ಲ. ನೀವೂ ಹಿಂದಿನ ಮೂರು ವರ್ಷಗಳ ಫಲಿತಾಂಶ ತೆರೆದು ನೋಡಿ. ಬಿ.ಕಾಂ.ನಲ್ಲಿ ಯಾವ ಪತ್ರಿಕೆ ಮಕ್ಕಳನ್ನು ಹೆಚ್ಚು ಕೆಡವುತ್ತಿದೆ ಎಂಬುದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಅದೊಂದರಿಂದಲೇ ಶುರು ಮಾಡಿ.

ಗುಣಮಟ್ಟ ನಿಜವಾಗಿ ಕಾಣುವುದು ಆ ಕೋಣೆಯೊಳಗೆ ನಡೆಯುವ ಮಾತಿನಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಒಂದು ಲಕ್ಷ ರೂಪಾಯಿಯ ಯಂತ್ರ, ವರ್ಷಕ್ಕೆ ಶೇ 10ರ ಸವಕಳಿ, ಸ್ಥಿರ ಕಂತಿನ ವಿಧಾನದಲ್ಲಿ, ಅಂದರೆ ಪ್ರತಿ ವರ್ಷವೂ ಮೂಲ ಬೆಲೆಯ ಮೇಲೆ, ಲೆಕ್ಕ ಹಾಕಬೇಕು. ಮೊದಲ ಸೆಮಿಸ್ಟರ್ ಹುಡುಗಿ ಎರಡನೆಯ ವರ್ಷಕ್ಕೆ 9,000 ಎಂದು ಬರೆದಿದ್ದಾಳೆ. ಪೆನ್ನು ಕಸಿದುಕೊಂಡು ‘ತಪ್ಪು, 10,000 ಬರೆ’ ಎನ್ನುವವರು ಲೆಕ್ಕ ಸರಿಪಡಿಸುತ್ತಾರೆ, ಹುಡುಗಿಗೆ ಏನನ್ನೂ ಕಲಿಸುವುದಿಲ್ಲ. ತರಬೇತಿ ಪಡೆದ ಹಿರಿಯ ವಿದ್ಯಾರ್ಥಿನಿ ಕೇಳುವುದೇ ಬೇರೆ: “ಈ ಒಂಬತ್ತು ಸಾವಿರ ಎಲ್ಲಿಂದ ಬಂತು?” “ತೊಂಬತ್ತು ಸಾವಿರಕ್ಕೆ ಹತ್ತು ಪರ್ಸೆಂಟ್, ಅಕ್ಕಾ.” “ಸರಿ, ತೊಂಬತ್ತು ಸಾವಿರವನ್ನೇ ಏಕೆ ತೆಗೆದುಕೊಂಡೆ? ಪ್ರಶ್ನೆಯಲ್ಲಿ ಯಾವ ವಿಧಾನ ಅಂದಿದ್ದಾರೆ, ಓದು.” ಹುಡುಗಿ ಓದುತ್ತಾಳೆ, ತಡವರಿಸುತ್ತಾಳೆ, ತಾನು ಉಳಿದ ಬೆಲೆಯ ಮೇಲೆ ಸವಕಳಿ ಹಾಕುವ ಇಳಿಕೆ ಶೇಷ ವಿಧಾನದಲ್ಲಿ ಮಾಡಿದ್ದೇನೆಂದು ತಾನೇ ಕಂಡುಕೊಳ್ಳುತ್ತಾಳೆ. ಬಳಿಕ ಅದೇ ಯಂತ್ರದ ಮೂರನೆಯ ವರ್ಷದ ಸವಕಳಿಯನ್ನು ಎರಡೂ ವಿಧಾನದಲ್ಲಿ ಬರೆದು ತೋರಿಸುತ್ತಾಳೆ: ಒಂದರಲ್ಲಿ 10,000, ಇನ್ನೊಂದರಲ್ಲಿ 8,100. ಈ ಐದು ನಿಮಿಷ ನಡೆಯುತ್ತಿದೆಯೇ ಎಂಬುದನ್ನು ಸಂಚಾಲಕರು ಆಗಾಗ ಪಕ್ಕದಲ್ಲಿ ಕುಳಿತು ನೋಡಬೇಕು. ಹಾಜರಿ ಪುಸ್ತಕ ಇದನ್ನು ಹೇಳುವುದಿಲ್ಲ.

ಫಲಿತಾಂಶ ಅಳೆಯುವಾಗ ಎಚ್ಚರ ಬೇಕು. ‘ಕೇಂದ್ರಕ್ಕೆ ಬಂದವರಲ್ಲಿ ಬಹುತೇಕರು ಪಾಸಾದರು’ ಎಂದು ವರದಿಯಲ್ಲಿ ಬರೆಯುವುದು ಸುಲಭ. ಆದರೆ ತಾವಾಗಿ ಬರುವವರಿಗೆ ಓದುವ ಹಂಬಲ ಮೊದಲೇ ಹೆಚ್ಚಿರುತ್ತದೆ. ಅವರು ಬಾರದಿದ್ದರೂ ಪಾಸಾಗುತ್ತಿದ್ದರೇನೋ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಅಂಕ ಪಡೆದವರನ್ನು ತೆಗೆದುಕೊಂಡು, ಬಂದವರಿಗೂ ಬಾರದವರಿಗೂ ಸೆಮಿಸ್ಟರ್ ಕೊನೆಯಲ್ಲಿ ಎಷ್ಟು ವ್ಯತ್ಯಾಸವಾಯಿತು ನೋಡಿ. ಜೊತೆಗೆ ಆ ಪತ್ರಿಕೆಯ ಒಟ್ಟು ತೇರ್ಗಡೆ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿದೆಯೇ ಎಂಬುದನ್ನೂ ನೋಡಿ. ಬಾರದವರು ಯಾರು ಎಂಬುದನ್ನಂತೂ ಮರೆಯಲೇಬೇಡಿ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೇ, ದೂರದ ಊರಿನವರೇ, ಕಾಲೇಜು ಮುಗಿಸಿ ಅಂಗಡಿಯಲ್ಲಿ ಕೆಲಸ ಮಾಡುವವರೇ? ಕೇಂದ್ರ ಇರುವುದೇ ಅವರಿಗಾಗಿ. ಅಂಕಿ ಚೆನ್ನಾಗಿಲ್ಲದಿದ್ದರೆ ಇದ್ದಂತೆಯೇ ಬರೆದು, ಅದಕ್ಕೆ ಏನು ಬದಲಾವಣೆ ಮಾಡಿದಿರಿ ಎಂದೂ ಬರೆಯಿರಿ.

ಇನ್ನೊಂದು ಮಾತನ್ನು ಪ್ರಾಂಶುಪಾಲರಿಗೆ ಹೇಳಲೇಬೇಕು. ವೇತನವನ್ನೂ ಕೊಡದೆ, ಬೋಧನಾ ಹೊರೆಯಲ್ಲೂ ಲೆಕ್ಕ ಹಿಡಿಯದೆ ಈ ಕೆಲಸವನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟುವುದು ಅನ್ಯಾಯ. ಕೋಣೆಗೆ ಬಣ್ಣ ಹೊಡೆಸುವ ಹಣವನ್ನು ಕೆಲಸ ಮಾಡುವವರ ಗೌರವಧನಕ್ಕೆ ಕೊಡಲಿ.

ಪ್ರಶ್ನೆ: ನಾನು ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿ. ಕಿರಿಯರಿಗೆ ಗಣಿತ ಹೇಳಿಕೊಡಲು ವಿಭಾಗದವರು ನನ್ನನ್ನು ಕೇಳಿದ್ದಾರೆ. ನನಗೆ ವಿಷಯ ಚೆನ್ನಾಗಿ ಬರುತ್ತದೆ. ಆದರೂ ತರಬೇತಿ ಬೇಕೇ? ಕೆಲವರು ಅಸೈನ್‌ಮೆಂಟನ್ನೇ ಮಾಡಿಕೊಡಿ ಎನ್ನುತ್ತಾರೆ, ಏನು ಮಾಡಲಿ?

ಉತ್ತರ: ಬೇಕು. ವಿಷಯ ಬಲ್ಲವರಿಗೇ ಹೆಚ್ಚು ಬೇಕು, ಏಕೆಂದರೆ ಬಲ್ಲವರಿಗೆ ಸುಮ್ಮನಿರುವುದು ಕಷ್ಟ. ಸಿಆರ್‌ಎಲ್‌ಎ ಎಂಬ ಅಮೆರಿಕದ ಸಂಘ 1989ರಿಂದ ಬೋಧಕರ ತರಬೇತಿ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುತ್ತಿದೆ. ಅದರ ಮೊದಲ ಹಂತಕ್ಕೇ ಕನಿಷ್ಠ 10 ಗಂಟೆ ತರಬೇತಿ ಮತ್ತು 25 ಗಂಟೆ ಹೇಳಿಕೊಟ್ಟ ಅನುಭವ ಇರಬೇಕು. ನಿಮ್ಮ ಕಾಲೇಜಿಗೆ ಆ ಪ್ರಮಾಣಪತ್ರ ಬೇಕಿಲ್ಲ, ಆದರೆ ಆ 10 ಗಂಟೆಯ ಅಳತೆಯನ್ನು ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಪ್ರಶ್ನೆ ಕೇಳುವ ಬಗೆ, ಕಿವಿಗೊಡುವ ಬಗೆ, ಗುಟ್ಟು ಕಾಯುವುದು, ತನ್ನ ಕೈಲಾಗದ ಸಮಸ್ಯೆ ಬಂದಾಗ ಯಾರ ಬಳಿ ಕಳುಹಿಸಬೇಕು ಎಂಬುದು ಇವನ್ನೆಲ್ಲ ಅಭ್ಯಾಸ ಮಾಡಿಕೊಳ್ಳಬೇಕು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದನ್ನು ಮೊದಲು ರೂಢಿಸಿಕೊಳ್ಳಿ.

ಅಸೈನ್‌ಮೆಂಟಿಗೆ ಆಂತರಿಕ ಅಂಕವಿದ್ದರೆ ಅದರ ಒಂದು ಸಾಲನ್ನೂ ನೀವು ಬರೆಯಬಾರದು. ಅದೇ ಬಗೆಯ ಬೇರೊಂದು ಲೆಕ್ಕ ತೆಗೆದುಕೊಂಡು ಅದನ್ನು ಅವರ ಕೈಯಲ್ಲೇ ಮಾಡಿಸಿ. ಈ ನಿಯಮವನ್ನು ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ಕೋಣೆಯ ಗೋಡೆಗೆ ಅಂಟಿಸಿದರೆ ಸ್ನೇಹಿತರಿಗೆ ಇಲ್ಲವೆನ್ನುವ ಸಂಕಟ ನಿಮಗೆ ಉಳಿಯುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಡಿಸ್ಲೆಕ್ಸಿಯಾ ಇದೆ. ಈ ವರ್ಷ ಪದವಿಗೆ ಸೇರಿದ್ದಾನೆ. ಕಾಲೇಜಿನವರು ‘ರೆಮಿಡಿಯಲ್‌ಗೆ ಕಳುಹಿಸಿ, ಸರಿಹೋಗುತ್ತದೆ’ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಓದು-ಬರಹದಲ್ಲಿ ತೊಡಕು ತರುವ ಡಿಸ್ಲೆಕ್ಸಿಯಾ ಒಂದು ನಿರ್ದಿಷ್ಟ ಕಲಿಕಾ ನ್ಯೂನತೆ. ಈ ನ್ಯೂನತೆಯು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಸೇರಿದೆ. ನಿಮ್ಮ ಮಗನಿಗೆ ಸಿಗಬೇಕಾದದ್ದು ಕಾಲೇಜಿನವರ ಅನುಕಂಪವಲ್ಲ, ಹಕ್ಕಿನ ನೆರವು. ಪಾಠದ ಧ್ವನಿಮುದ್ರಣ, ದೊಡ್ಡಕ್ಷರದ ಟಿಪ್ಪಣಿ, ಓದಿ ಹೇಳುವ ಸಾಫ್ಟ್‌ವೇರ್ ಇವನ್ನು ಕಲಿಕಾ ಕೇಂದ್ರದಿಂದ ಕೇಳಿ ಪಡೆಯಿರಿ. ಅದೇ ಪಾಠವನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳುವುದರಿಂದ ಅವನಿಗೆ ಏನೂ ಸಿಗುವುದಿಲ್ಲ.

ಪರೀಕ್ಷೆಯ ಮಾತು ಬೇರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಲಿಪಿಕಾರರ (ಹೇಳಿದ ಉತ್ತರವನ್ನು ಬರೆದುಕೊಡುವವರ) ನೆರವಿಗೆ ಅವಕಾಶ ಕೊಡುತ್ತದೆ. ಅಂಥವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದರೆ, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು. ಪ್ರಮಾಣಪತ್ರದ ಪ್ರತಿಯೊಂದಿಗೆ ಲಿಖಿತ ಅರ್ಜಿಯನ್ನು ಈಗಲೇ ಕಾಲೇಜಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯವಾದರೆ ಕಾಲೇಜು ಅದನ್ನು ಅಲ್ಲಿಗೆ ಕಳುಹಿಸಿ ಅನುಮತಿ ತರಬೇಕಾಗುತ್ತದೆ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಬಹಳ ತಡವಾಗಿರುತ್ತದೆ.