ಗೋ ಇದ್ದದ್ದು ವೆಂಟ್ ಆದದ್ದು ಹೇಗೆ?

ಪತ್ರ: ನಮ್ಮ ಶಾಲೆಯ ಆರನೇ ಕ್ಲಾಸಿನ ಹುಡುಗಿ 'ಐ ಗೋಡ್ ಟು ಹುಲಿಗಿ' ಅಂತ ಬರೆದಿದ್ದಳು. ತಿದ್ದಲು ಹೋದರೆ, "ಪ್ಲೇ ಪ್ಲೇಡ್ ಆಗತೈತಿ, ಗೋ ಯಾಕ್ರೀ ವೆಂಟ್ ಆಗತೈತಿ?" ಅಂದಳು. ಏನು ಹೇಳಲಿ? ಮಾರ್ಕ್ಸ್ ಕಡಿಮೆ ಮಾಡಲೇ?
– ಶಿಕ್ಷಕಿ, ಗಂಗಾವತಿ ತಾಲ್ಲೂಕು

ಉತ್ತರ: ಮೇಡಂ, ಹುಡುಗಿ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಗೋ ಮತ್ತು ವೆಂಟ್ ಒಂದೇ ಬೇರಿನಿಂದ ಬಂದ ಪದಗಳಲ್ಲ.

ಇಂಗ್ಲಿಷಿನಲ್ಲಿ 'ವೆಂಡ್' ಅಂತ ಬೇರೊಂದು ಕ್ರಿಯಾಪದವಿತ್ತು. ಮೊದಲು ಅದಕ್ಕೆ 'ತಿರುಗು, ತಿರುಗಿಸು' ಎಂಬ ಅರ್ಥ. ಆಮೇಲೆ 'ಒಂದು ದಿಕ್ಕು ಹಿಡಿದು ಹೊರಡು' ಎಂಬ ಅರ್ಥವೂ ಸೇರಿತು. ಅದರ ಭೂತಕಾಲವೇ ವೆಂಟ್. ಗೋ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬೇರೆ ಭೂತಕಾಲ ರೂಪವಿತ್ತು, ಅದೂ ಬೇರೆ ಬೇರಿನದೇ! 15ನೇ ಶತಮಾನ ಮುಗಿಯುವ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಆ ಜಾಗಕ್ಕೆ ವೆಂಟ್ ಬಂದು ಕೂತಿತು. ತನ್ನ ರೂಪ ಕಳೆದುಕೊಂಡ ವೆಂಡ್ ಪದಕ್ಕೆ ಜನ ಹೊಸದಾಗಿ 'ವೆಂಡೆಡ್' ಮಾಡಿಕೊಂಡರು. ಸ್ಕಾಟ್ಲೆಂಡಿನವರಂತೂ ಗೋ ಪದಕ್ಕೆ ತಾವು ಹೇಳುವ 'ಗೇ' ರೂಪಕ್ಕೆ ಎಡ್ ಹಚ್ಚಿ 'ಗೇಡ್' ಅಂದರು. ನಿಮ್ಮ ಹುಡುಗಿ ಮಾಡಿದ್ದೂ ಅದನ್ನೇ ಅಲ್ವಾ?

ನಮ್ಮ ಹೋಗು–ಹೋದ ಹಾಗಲ್ಲ. ಹಳಗನ್ನಡದ 'ಪೋಗು' ಕಾಲದಿಂದಲೂ ಬೇರು ಒಂದೇ. ಆದರೆ ನಮ್ಮ ಕಡೆಯ ಮಾತು ಸ್ವಲ್ಪ ಕೇಳಿ ನೋಡಿ. ಬಸ್ಸು ಅರ್ಧ ದಾರಿ ದಾಟಿರುತ್ತೆ, ಪಕ್ಕದವರು "ಎಲ್ಲಿಗೆ ಹೊಂಟೀರಿ?" ಅಂತಾರೆ. "ಕೊಪ್ಪಳಕ್ಕ ಹೊಂಟೀನ್ರಿ" ಅಂತೀವಿ. ಹೊರಟದ್ದು ಯಾವಾಗಲೋ ಮುಗಿದಿದೆ, ಈಗ ಹೋಗ್ತಾ ಇದ್ದೀವಿ. 'ಹೊರಡು' ಪದ 'ಹೋಗು' ಪದದ ಕೆಲಸ ಮಾಡ್ತಿದೆ. ವೆಂಡ್ ಹಿಡಿದದ್ದೂ ಇಂಥದೇ ದಾರಿ. ನಮ್ಮಲ್ಲಿ ಮಾತ್ರ ಹೊಂಟ ಬಂದು ಹೋದ ಪದವನ್ನು ಓಡಿಸಲಿಲ್ಲ. ಊರಿಗೆ ಮರಳಿದ ಮೇಲೆ "ಹುಲಿಗಿಗೆ ಹೋಗಿದ್ದೆ" ಅಂತಲೇ ಹೇಳ್ತೀವಿ.

ಇಂಥ ಅಡ್ಡಾದಿಡ್ಡಿ ರೂಪಗಳು ಉಳಿಯೋದು ದಿನಾ ಬಾಯಲ್ಲಿರುವ ಪದಗಳಲ್ಲೇ ಜಾಸ್ತಿ. ಮಕ್ಕಳು ಅವನ್ನು ಕೇಳಿ ಕೇಳಿಯೇ ಕಲಿಯುತ್ತಾರೆ. ಹಾಗಂತ ಎಲ್ಲವೂ ಉಳಿಯಲಿಲ್ಲ. ಹೆಲ್ಪ್ ಪದದ ಭೂತಕಾಲ ಒಂದು ಕಾಲಕ್ಕೆ 'ಹೋಲ್ಪ್' ಆಗಿತ್ತು, ಈಗ ಹೆಲ್ಪ್ಡ್. ಇಂಗ್ಲಿಷ್ ಮಾತಾಡುವ ಮನೆಗಳ ಚಿಕ್ಕ ಮಕ್ಕಳೂ ಗೋಡ್ ಅಂತಾರೆ. ನಿಯಮ ತಲೆಗೆ ಹತ್ತಿದೆ ಅನ್ನೋದಕ್ಕೆ ಅದೇ ಗುರುತು.

ಪರೀಕ್ಷೆಯಲ್ಲಿ ವೆಂಟ್ ಬರೆಯಲೇಬೇಕು, ಅದನ್ನು ಹೇಳಿಕೊಡಿ. ನೋಟ್‌ಬುಕ್ಕಿನಲ್ಲಿ ದಯವಿಟ್ಟು ಮಾರ್ಕ್ಸ್ ಕಡಿಮೆ ಮಾಡಬೇಡಿ. ಬೋರ್ಡಿನ ಮೇಲೆ ಸೆಂಡ್–ಸೆಂಟ್, ಬೆಂಡ್–ಬೆಂಟ್, ಸ್ಪೆಂಡ್–ಸ್ಪೆಂಟ್ ಬರೆದು, ಕೆಳಗೆ ವೆಂಡ್ ಬರೆಯಿರಿ. ಮುಂದಿನದನ್ನು ಮಕ್ಕಳೇ ಹೇಳ್ತಾರೆ. ನಾಳೆ 'ಗುಡ್' ಯಾಕೆ 'ಬೆಟರ್' ಆಗತೈತಿ ಅಂತ ಕೇಳಿದರೆ, ಅಲ್ಲೂ ಬೇರು ಎರಡು ಅಂತ ಹೇಳಿ.