ಸಿಮ್ ಕಂಪನಿ ಮುಚ್ಚುವ ಸುದ್ದಿಯಿದೆ, ಅಧಿಕೃತ ಪ್ರಕಟಣೆ ಬರುವವರೆಗೆ ಕಾಯಬಹುದೇ?

ಎಂಟು ತಿಂಗಳ ವ್ಯಾಲಿಡಿಟಿ ಉಳಿದಿದೆ, ಲಕ್ಷಾಂತರ ಗ್ರಾಹಕರಿರುವ ಕಂಪನಿಯನ್ನು ಸರ್ಕಾರ ಮುಚ್ಚಲು ಬಿಡುವುದಿಲ್ಲ ಎಂದು ಬರೆದಿದ್ದೀರಿ. ಇದೇ ಮಾತನ್ನು ಹಿಂದೆ ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೆ.

ಅರಸೀಕೆರೆಯಲ್ಲಿ ನನ್ನದು ಕರೆನ್ಸಿ ಹಾಕುವ ಸಣ್ಣ ಅಂಗಡಿ. 2016ರ ಸೆಪ್ಟೆಂಬರ್ 5ರಂದು ಜಿಯೊ ಉಚಿತ ಕರೆಗಳೊಂದಿಗೆ ಬಂದ ಮೇಲೆ ಹತ್ತು ರೂಪಾಯಿಯ ಟಾಪ್‌ಅಪ್ ಕೇಳುವವರೇ ಕಡಿಮೆಯಾದರು. ಮರುವರ್ಷ ಅಕ್ಟೋಬರ್ 1ರಿಂದ, ಬೇರೆ ಕಂಪನಿಯ ಕರೆ ಸ್ವೀಕರಿಸಿದ್ದಕ್ಕೆ ಕಂಪನಿಗೆ ನಿಮಿಷಕ್ಕೆ ಸಿಗುತ್ತಿದ್ದ 14 ಪೈಸೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 6 ಪೈಸೆಗೆ ಇಳಿಸಿತು. ನಾನು ಹೆಚ್ಚಾಗಿ ಮಾರುತ್ತಿದ್ದ ಸಿಮ್‌ನ ಗಿರಾಕಿಗಳೋ ಮಿಸ್ಡ್ ಕಾಲ್ ಕೊಟ್ಟು, ಬಂದ ಕರೆಯಲ್ಲಿ ಮಾತು ಮುಗಿಸುವವರು. ಹಾಗಾಗಿ ಆ ಕಂಪನಿಯ ಆದಾಯಕ್ಕೇ ಪೆಟ್ಟು ಬಿತ್ತು. ಸರ್ಕಾರ ತಡೆಯುತ್ತದೆ ಎಂಬ ನಿಮ್ಮ ನಂಬಿಕೆಯೇ ತಪ್ಪು. ದೂರಸಂಪರ್ಕ ಇಲಾಖೆಗೆ 60 ದಿನ, ಗ್ರಾಹಕರಿಗೆ 30 ದಿನ ಮುಂಚೆ ತಿಳಿಸಿ ಕಂಪನಿ ಹೊರಟುಹೋಗಬಹುದು ಎಂದು ಆಗಿನ ಪರವಾನಗಿಯಲ್ಲೇ ಬರೆದಿತ್ತು.

ನಾನು ಮಾರುತ್ತಿದ್ದ ಸಿಮ್‌ನ ಕಂಪನಿ ಮುಚ್ಚುವಾಗ ಆ 30 ದಿನಗಳ ಸಂದೇಶ ನನಗೂ ಬಂದಿತ್ತು. ಆದರೆ ನನ್ನ ಲಾಪು, ಅಂದರೆ ಗಿರಾಕಿಗಳಿಗೆ ಕರೆನ್ಸಿ ಹಾಕುವ, ಸಿಮ್‌ನಲ್ಲಿ 8,400 ರೂಪಾಯಿಯ ಕರೆನ್ಸಿ ಮಾರಾಟವಾಗದೆ ಉಳಿದಿತ್ತು. ಅಂಗಡಿಯವನೇ ಅದೇ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡನೆಂದು ಗೊತ್ತಾದರೆ ಅದನ್ನು ಕೊಳ್ಳುವವರು ಯಾರು? ಹಾಗಾಗಿ ನಾನೂ ಕಾದೆ, ಕೇಳಿದವರನ್ನೂ ಕಾಯಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೋರ್ಟ್ ಕೋಡ್‌ಗಾಗಿ 1900ಕ್ಕೆ ಕಳಿಸುವ ಸಂದೇಶ, ನೀವು ಬಿಡಬೇಕೆಂದಿರುವ ಅದೇ ಸಿಮ್‌ನಿಂದ, ಅದೇ ಕಂಪನಿಯ ನೆಟ್‌ವರ್ಕ್ ಮೂಲಕವೇ ಹೋಗಬೇಕು. ನಾನು ಎಣಿಸುತ್ತಿದ್ದುದು ಕೊನೆಯ ದಿನಾಂಕವನ್ನು. ಎಣಿಸಬೇಕಾಗಿದ್ದುದು ನಮ್ಮೂರಿನ ಟವರ್ ಎಷ್ಟು ದಿನ ನಡೆಯುತ್ತದೆ ಎಂಬುದನ್ನು. ಅವಧಿಗೆ ಇನ್ನೂ ಒಂಬತ್ತು ದಿನವಿರುವಾಗಲೇ ಅದು ನಿಂತಿತು. ಟವರ್‌ನ ಬಾಡಿಗೆ ಕಟ್ಟಿರಲಿಲ್ಲವೆಂದು ಡಿಸ್ಟ್ರಿಬ್ಯೂಟರ್‌ನ ಹುಡುಗ ಹೇಳಿದ.

ಅಂದು ರಾತ್ರಿ ಮಹಡಿಯ ನೀರಿನ ಟ್ಯಾಂಕಿನ ಮೇಲೆ ನಿಂತು ಫೋನನ್ನು ನಾಲ್ಕೂ ದಿಕ್ಕಿಗೆ ಹಿಡಿದೆ. ಒಮ್ಮೆ ಒಂದು ಕಡ್ಡಿ ಮೂಡಿತು, ಸಂದೇಶ ಒತ್ತುವಷ್ಟರಲ್ಲಿ ಅಳಿಸಿಹೋಯಿತು. ಬ್ಯಾಂಕು, ಗ್ಯಾಸ್, ಆಧಾರ್ ಎಲ್ಲಕ್ಕೂ ಕೊಟ್ಟಿದ್ದ ಹನ್ನೊಂದು ವರ್ಷದ ನಂಬರ್ ಅಲ್ಲಿಗೆ ಮುಗಿಯಿತು. ನನ್ನ ಮಾತು ಕೇಳಿ ಕಾದಿದ್ದ ಹೂವಿನಂಗಡಿಯ ಅಕ್ಕ, ಗಂಡನ ಪಿಂಚಣಿ ಖಾತೆಗೆ ಹೊಸ ನಂಬರ್ ಸೇರಿಸಲು ಪಾಸ್‌ಬುಕ್ ಹಿಡಿದು ಮೂರು ಸಲ ಬ್ಯಾಂಕಿಗೆ ಅಲೆದರು. 8,400ರಲ್ಲಿ ನನಗೆ ಹುಟ್ಟಿದ್ದು 1,150 ಮಾತ್ರ.

ಆದ್ದರಿಂದ ಕಾಯಬೇಡಿ. ಪೋರ್ಟ್ ಮಾಡಿದರೆ ಪ್ರೀಪೇಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ, ನಿಮ್ಮ ಎಂಟು ತಿಂಗಳ ವ್ಯಾಲಿಡಿಟಿಯೂ ಹೋಗುತ್ತದೆ, ಹೋಗಲಿ ಬಿಡಿ. ಕೋಡ್ ಈಗ 4 ದಿನ ಮಾತ್ರ ಚಾಲ್ತಿಯಲ್ಲಿರುವುದರಿಂದ, ಆಧಾರ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಸಂದೇಶ ಕಳಿಸಿ. ಯಾವ ಕಂಪನಿಗೆ ಹೋಗಬೇಕೆಂದೂ ಕೇಳಿದ್ದೀರಿ. ನಿಮ್ಮ ಅಡುಗೆಮನೆಯೊಳಗೆ ಯಾರ ನೆಟ್‌ವರ್ಕ್ ಸಿಗುತ್ತದೋ ಅವರದ್ದೇ ಸಾಕು.