‘ಓಡಿದ್ರ ಕ್ಯಾನ್ಸರ್ ಹೋಗ್ತದೇನು?’

ಕಲಬುರಗಿಯ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: ‘ನನಗೀಗ 41. ಅವ್ವ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಬರುವ ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಆಸೆ. ಓಡಿ ರೂಢಿಯಿಲ್ಲ. ಕಾಕಾ ಅಂತಾರೆ, ಓಡಿದ್ರ ಕ್ಯಾನ್ಸರ್ ಹೋಗ್ತದೇನು? ರೊಕ್ಕ ಇಲ್ದ ಮಂದಿ ದವಾಖಾನ್ಯಾಗ ಮಲಗ್ಯಾರ, ಅವರಿಗೆ ಕೊಡು. ಏನು ಹೇಳಲಿ? ಈ ಬಿಸಿಲಲ್ಲಿ ತಯಾರಿ ಹೇಗೆ?’

ಅಕ್ಕೋರೇ,

ನಿಮ್ಮ ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ನಮ್ಮ ಕಲಬುರಗಿಯಲ್ಲೇ ಇದೆ. ಅಲ್ಲಿಗೆ ಬರುವವರ ಕಷ್ಟ ಕಂಡವರು ಯಾರೂ ಆ ಮಾತನ್ನು ತಳ್ಳಿಹಾಕಲಾರರು. ಚಿಕಿತ್ಸೆಗೆ ಕೊಡುವ ಹಣ ಇವತ್ತಿನ ರೋಗಿಗೆ ತಲುಪುತ್ತದೆ. ಸಂಶೋಧನೆಗೆ ಕೊಟ್ಟದ್ದು ನಾಳೆ ರೋಗಿ ಆಗಬಹುದಾದವರಿಗೆ. ಎರಡೂ ಬೇಕು. ಆದರೆ ಎರಡನೆಯದನ್ನು ಕೇಳುವವರು ನಮ್ಮ ಕಡೆ ತೀರಾ ಕಡಿಮೆ. ಅದಕ್ಕೇ ನಿಮ್ಮ ಪತ್ರ ಓದಿ ಖುಷಿಯಾಯಿತು.

ಸಂಶೋಧನೆ ಅಂದರೆ ಎಲ್ಲೋ ವಿದೇಶದ ಪ್ರಯೋಗಾಲಯ ಅಂದುಕೊಳ್ಳುತ್ತೇವೆ, ಅಲ್ವಾ? ಕಾಕಾಗೆ ಇದನ್ನು ಹೇಳಿ. ಆಳಂದ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅದು ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಆ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1.3 ಲಕ್ಷಕ್ಕೂ ಜಾಸ್ತಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ದೊಡ್ಡ ಅಧ್ಯಯನ ನಡೆಯಿತು. ಮುಂಬೈಯ ಟಾಟಾ ಮೆಮೋರಿಯಲ್ ಮತ್ತು ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರು ಅದರಲ್ಲಿದ್ದರು. 2009ರಲ್ಲಿ ಫಲಿತಾಂಶ ಬಂತು. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ಎಚ್‌ಪಿವಿ. ಒಂದೇ ಒಂದು ಸಲ ಅದರ ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ, ಪರೀಕ್ಷೆ ಮಾಡದ ಗುಂಪಿಗೆ ಹೋಲಿಸಿದರೆ, ಈ ಕ್ಯಾನ್ಸರ್‌ನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮಂತೆಯೇ ರೊಟ್ಟಿ ತಟ್ಟುವ, ತೊಗರಿ ಹೊಲಕ್ಕೆ ಹೋಗುವ ಹೆಂಗಸರು ಅವರು. ಅವ್ವನನ್ನು ಕೊಂಡೊಯ್ದ ಅದೇ ಕಾಯಿಲೆ. ಯಾರೋ ಹಣ ಕೊಟ್ಟಿದ್ದರಿಂದ ಈ ತಿಳಿವಳಿಕೆ ಸಿಕ್ಕಿತು.

ಹಣ ಕೇಳುವಾಗ ಟೆರ್ರಿ ಫಾಕ್ಸ್‌ನನ್ನು ನೆನೆಯಿರಿ. ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡ ಕೆನಡಾದ ಹುಡುಗ. 1980ರಲ್ಲಿ ಕೃತಕ ಕಾಲಲ್ಲಿ 143 ದಿನ, 5,373 ಕಿ.ಮೀ. ಓಡಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾಯಿತು, ಮರುವರ್ಷ ತೀರಿಕೊಂಡ. ಅವನು ಕೇಳಿದ್ದು ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್, ಸಂಶೋಧನೆಗಾಗಿ. ಅದು ಕೂಡಿಬಂತು. ನೀವೂ ದೊಡ್ಡವರ ಬಾಗಿಲಿಗೆ ಹೋಗುವ ಮೊದಲು ಶಿಕ್ಷಕರ ಕೋಣೆಯಲ್ಲಿ, ಓಣಿಯಲ್ಲಿ ಐವತ್ತು, ನೂರು ಕೇಳಿ. ರೊಕ್ಕ ನಿಮ್ಮ ಖಾತೆಗೆ ಬರುವುದು ಬೇಡ. ಸಂಸ್ಥೆಯ ಖಾತೆಗೇ ಹೋಗಲಿ, ಕೊಟ್ಟವರ ಹೆಸರಿಗೇ ರಸೀದಿ ಬರಲಿ. ‘ಸಂಶೋಧನೆಗೇ ಬಳಸುತ್ತೇವೆ’ ಎಂದು ಮೊದಲೇ ಸಂಸ್ಥೆಯಿಂದ ಬರೆಸಿಕೊಳ್ಳಿ. ಓಟದ ಪ್ರವೇಶ ಶುಲ್ಕ, ಮುಂಬೈ ಪ್ರಯಾಣದ ಖರ್ಚು ನಿಮ್ಮ ಕೈಯಿಂದಲೇ ಇರಲಿ.

ಈಗ ಓಟ. ನನ್ನ ಸಲಹೆ ನಿಮಗೆ ಹಿಡಿಸಲಿಕ್ಕಿಲ್ಲ: ಈ ಸಲ 42.195 ಕಿ.ಮೀ. ಬೇಡ, ಅರ್ಧ ಮ್ಯಾರಥಾನ್ ಓಡಿ. ಕೊಡುವವರು ಕಿಲೋಮೀಟರ್ ಲೆಕ್ಕ ಹಾಕುವುದಿಲ್ಲ. ಮೊಣಕಾಲು ಹಾಕುತ್ತದೆ. ಮೊದಲು ವೈದ್ಯರ ಹತ್ತಿರ ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿಸಿ. ಶುರುವಿಗೆ ವಾರದಲ್ಲಿ ನಾಲ್ಕು ದಿನ ಸಾಕು. ಸ್ವಲ್ಪ ಓಡಿ, ಸ್ವಲ್ಪ ನಡೆಯಿರಿ. ಓಡುತ್ತ ಮಾತಾಡಲು ಬರಬೇಕು, ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಭಾನುವಾರದ ಓಟ ಮಾತ್ರ ಮೆಲ್ಲಗೆ ಉದ್ದವಾಗಲಿ. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ಸೂರ್ಯ ಮೇಲೆ ಬರುವುದರೊಳಗೆ ಮನೆ ಸೇರಿ. ಉದ್ದ ಓಟದಲ್ಲಿ ಬರೀ ನೀರು ಸುಮ್ನೆ ಕುಡಿಯುತ್ತ ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ಅಪಾಯ. ಓಆರ್‌ಎಸ್ ಜೊತೆಗಿರಲಿ. ಕತ್ತಲಲ್ಲಿ ಒಬ್ಬರೇ ಬೇಡ, ಗೆಳತಿಯರನ್ನು ಎಬ್ಬಿಸಿ.

ಇನ್ನೊಂದು. 41 ವಯಸ್ಸು ಅಂದಿರಿ. ಆ ಎಚ್‌ಪಿವಿ ಪರೀಕ್ಷೆ ನೀವು ಮಾಡಿಸಿಕೊಂಡಿದ್ದೀರಾ? ಇಲ್ಲದಿದ್ದರೆ ಓಟ ಶುರು ಮಾಡುವ ಮೊದಲೇ ಆಗಲಿ. ಜೊತೆ ಓಡುವ ಗೆಳತಿಯರನ್ನೂ ಕರೆದುಕೊಂಡು ಹೋಗಿ.

ಸಂಸ್ಥೆ ಯಾವುದೆಂದು ಗೊತ್ತಾದ ಕೂಡಲೇ ತಿಳಿಸಿ. ನಮ್ಮ ಕಚೇರಿಯವರೆಲ್ಲ ಕೊಡಲು ಸಿದ್ಧರಿದ್ದೇವೆ.

– ಸಂಪಾದಕ